ಕಾಮಾಲೆಯಲ್ಲಿ ಲಿವರನ್ನು ಕೊಲ್ಲುವವರು ಯಾರು?

(ಅಮೃತೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲದ ಕಂತು ಎಲ್ಲ ಬರೆದು ಮುಗಿಸಿ ಕೂತಿದ್ದೀರಿ. ಹಸು ಕರೆಯುವ ಹೊತ್ತಿಗೆ ಮನೆಗೆ ಬಿಟ್ಟುಬಿಡ್ತೀನಿ, ಭಯ ಬೇಡ. ಇವತ್ತಿನ ವಿಷಯ ಕಾಮಾಲೆ. ಹಿರಿಯರು ಕಾಮಣಿ ಅಂತಾರೆ, ಈಗ ಶಾಲೆ ಮಕ್ಕಳೂ ಜಾಂಡೀಸ್ ಅಂತಾರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಗಾದೆ ಇದೆಯಲ್ಲ, ಅದನ್ನು ಕಟ್ಟಿದವರಿಗೆ ಕಾಮಾಲೆ ಬಂದಿರಲಿಲ್ಲ ಅಂತ ಕಾಣುತ್ತೆ. ರೋಗಿಗೆ ಲೋಕ ಹಳದಿಯಾಗಿ ಕಾಣುವುದಿಲ್ಲ, ಲೋಕಕ್ಕೆ ರೋಗಿ ಹಳದಿಯಾಗಿ ಕಾಣುತ್ತಾನೆ, ಅಷ್ಟೆ. ಗಾದೆ ತಪ್ಪಾದರೆ ಯಾರಿಗೂ ನಷ್ಟವಿಲ್ಲ. ಆದರೆ ಕಾಮಾಲೆಯ ಬಗ್ಗೆ ನಾವು ನಂಬಿಕೊಂಡು ಬಂದಿರುವ ಬೇರೆ ಕೆಲವು ತಪ್ಪುಗಳಿಂದ ಬಸುರಿ ಹೆಂಗಸರ ಪ್ರಾಣ ಹೋಗಿದೆ, ಹುಟ್ಟಿದ ಮಕ್ಕಳಿಗೆ ಜೀವಮಾನದ ಕಾಯಿಲೆ ಅಂಟಿದೆ. ಅದಕ್ಕೇ ಈ ಮಾತು.

ಮೊದಲು ತಿಳಿಯಬೇಕಾದದ್ದು, ಕಾಮಾಲೆ ಅನ್ನುವುದು ಒಂದು ಕಾಯಿಲೆಯಲ್ಲ, ಕಾಯಿಲೆಯ ಗುರುತು. ನಮ್ಮ ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಅಡಿಯಲ್ಲಿ, ಸುಮಾರು ಒಂದೂವರೆ ಕೆ.ಜಿ. ತೂಗುವ ಅಂಗವೊಂದಿದೆ. ಕುರಿಯಲ್ಲಿ ಕೋಳಿಯಲ್ಲಿ ನೀವು ಅದನ್ನು ಈಲಿ ಅಂತೀರಿ, ಪುಸ್ತಕದಲ್ಲಿ ಯಕೃತ್ತು, ಆಸ್ಪತ್ರೆಯಲ್ಲಿ ಲಿವರ್. ನಾನೂ ಲಿವರ್ ಅಂತಲೇ ಹೇಳ್ತೀನಿ. ಉಂಡದ್ದರ ಸಾರ ಕರುಳಿನಿಂದ ಮೊದಲು ಹೋಗುವುದು ಅಲ್ಲಿಗೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳು ತಯಾರಾಗುವುದೂ ಅಲ್ಲೇ. ಇನ್ನೊಂದು ಕೆಲಸ ಕಸ ಹೊರಹಾಕುವುದು. ರಕ್ತದ ಕೆಂಪುಕಣಗಳು ಸುಮಾರು 120 ದಿನ ಬದುಕಿ ಸಾಯುತ್ತವೆ. ಸತ್ತ ಕಣಗಳಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ. ಲಿವರ್ ಅದನ್ನು ಪಿತ್ತದ ಜೊತೆಗೆ ಕರುಳಿಗೆ ತಳ್ಳುತ್ತದೆ. ಲಿವರಿಗೆ ಪೆಟ್ಟು ಬಿದ್ದರೆ ಈ ಹಳದಿ ರಕ್ತದಲ್ಲೇ ಉಳಿದು, ಮೂತ್ರ ಕಷಾಯದ ಬಣ್ಣಕ್ಕೆ ತಿರುಗುತ್ತೆ, ಮಲ ಬಿಳಿಚಿಕೊಳ್ಳುತ್ತೆ, ಮೈ ಕಡಿಯುತ್ತೆ, ಕೊನೆಗೆ ಕಣ್ಣು ಹಳದಿಯಾಗುತ್ತೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಬಿಲಿರುಬಿನ್ 1ರ ಆಸುಪಾಸಿನಲ್ಲಿರಬೇಕು. ಎರಡೂವರೆ, ಮೂರು ದಾಟಿದರೆ ಕಣ್ಣಿನಲ್ಲಿ ಎದ್ದು ಕಾಣುತ್ತದೆ.

ಪೆಟ್ಟು ಹಲವು ಕಾರಣಕ್ಕೆ ಬೀಳಬಹುದು. ಸಾರಾಯಿಯಿಂದ, ಪಿತ್ತಕೋಶದ ಕಲ್ಲಿನಿಂದ, ಕೆಲವು ಮಾತ್ರೆಗಳಿಂದಲೂ ಆಗುತ್ತೆ. ಇವತ್ತು ನಾವು ನೋಡುವುದು ವೈರಸ್ಸಿನಿಂದ ಆಗುವ ಕಾಮಾಲೆ, ಅಂದರೆ ಹೆಪಟೈಟಿಸ್. ಇದರಲ್ಲಿ ಎ, ಬಿ, ಸಿ, ಡಿ, ಇ ಅಂತ ಐದು ಜಾತಿ. ಎ ಮತ್ತು ಇ ರೋಗಿಯ ಮಲದಿಂದ ಕುಡಿಯುವ ನೀರಿಗೆ, ಊಟಕ್ಕೆ ಸೇರಿ ಬರುತ್ತವೆ. ಉಳಿದ ಮೂರು ರಕ್ತದಿಂದ, ದೇಹದ ದ್ರವಗಳಿಂದ ಹರಡುತ್ತವೆ. ಬಿ ಮುಖ್ಯವಾಗಿ ತಾಯಿಯಿಂದ ಮಗುವಿಗೆ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಕಾಮಾಲೆಯಲ್ಲಿ ಲಿವರಿನ ಜೀವಕೋಶಗಳು ಲಕ್ಷ ಲಕ್ಷ ಸಂಖ್ಯೆಯಲ್ಲಿ ಸಾಯುತ್ತವೆ. ಕೊಲ್ಲುವವರು ಯಾರು? ಎಲ್ಲರೂ ವೈರಸ್ ಅಂತೀರಿ. ಹೆಚ್ಚಿನಂಶ ಅದು ನಿಜವಲ್ಲ. ವೈರಸ್ ಲಿವರಿನ ಕೋಶದೊಳಗೆ ಹೊಕ್ಕು, ಅದರದೇ ಅಡುಗೆಮನೆಯಲ್ಲಿ ತನ್ನ ಸಂತಾನ ಬೆಳೆಸಿಕೊಳ್ಳುತ್ತದೆ. ಮನೆ ಬೀಳಿಸುವುದಿಲ್ಲ. ಬಿದ್ದರೆ ಅದಕ್ಕೇ ನೆಲೆ ಇಲ್ಲವಲ್ಲ! ಕೊಲ್ಲುವುದು ನಮ್ಮದೇ ಕಾವಲುಪಡೆ, ರಕ್ತದ ಬಿಳಿಕಣಗಳು.

ನಿಮ್ಮ ತೆಂಗಿನ ತೋಟವನ್ನೇ ತೆಗೆದುಕೊಳ್ಳಿ. ಕಪ್ಪುತಲೆ ಹುಳು ಬಿದ್ದರೆ ಏನು ಮಾಡ್ತೀರಿ? ಹುಳು ಗರಿಯ ಅಡಿಯಲ್ಲಿ ಗೂಡು ಕಟ್ಟಿ ಕೂತಿರುತ್ತೆ, ಒಂದೊಂದನ್ನೇ ಹೆಕ್ಕುವುದಕ್ಕಾಗಲ್ಲ. ಹುಳು ಬಿದ್ದ ಗರಿಯನ್ನೇ ಕಡಿದು ಸುಡ್ತೀರಿ. ಗರಿ ಹೋದರೂ ಮರ ಉಳಿಯಲಿ ಅಂತ. ನಮ್ಮ ದೇಹ ಮಾಡುವುದೂ ಇದನ್ನೇ. ವೈರಸ್ ಹೊಕ್ಕ ಕೋಶ ತನ್ನೊಳಗಿರುವ ವೈರಸ್ಸಿನ ಚೂರುಗಳನ್ನು ಹೊರಮೈಯಲ್ಲಿ ತೋರಿಸುತ್ತದೆ, ಬಾಗಿಲಿಗೆ ಚೀಟಿ ಅಂಟಿಸಿದ ಹಾಗೆ. ಟಿ-ಕೋಶ ಎಂಬ ಜಾತಿಯ ಬಿಳಿಕಣ ಆ ಚೀಟಿಯನ್ನು ಓದಿ ಗುರುತು ಹಿಡಿದು ಕೋಶದ ಗೋಡೆಗೆ ತೂತು ಕೊರೆಯುತ್ತದೆ, ತೂತಿನೊಳಗೆ ವಿಷದಂಥ ವಸ್ತುವನ್ನು ಬಿಡುತ್ತದೆ. ಇಲ್ಲವೇ ಕೋಶದ ಮೈಮೇಲಿರುವ ಒಂದು ಗುಂಡಿಯನ್ನು ಒತ್ತುತ್ತದೆ. ಗುಂಡಿ ಒತ್ತಿದ ಕೂಡಲೇ ಕೋಶ ತಾನಾಗಿಯೇ ಮುದುಡಿ, ಚೂರಾಗಿ, ಸಾಯುತ್ತದೆ. ಚೂರುಗಳನ್ನು ಬೇರೆ ಬಿಳಿಕಣಗಳು ಬಂದು ನುಂಗುತ್ತವೆ. ಸತ್ತ ಕೋಶದೊಳಗಿದ್ದ ದ್ರವ ರಕ್ತಕ್ಕೆ ಸೋರುತ್ತದೆ. ಪರೀಕ್ಷೆ ಚೀಟಿಯಲ್ಲಿ ಎಸ್‌ಜಿಪಿಟಿ ಅಂತ ಬರೆದಿರುತ್ತಾರಲ್ಲ, ಅದು ಹೀಗೆ ಸೋರಿದ ವಸ್ತುವಿನ ಲೆಕ್ಕ. ಆರೋಗ್ಯವಾಗಿದ್ದಾಗ 40ರ ಒಳಗಿರುವುದು ಕಾಮಾಲೆಯಲ್ಲಿ ಸಾವಿರ ದಾಟುತ್ತದೆ. ಕಡಿದ ಗರಿ ಎಷ್ಟು ಬಿದ್ದಿವೆ ಅಂತ ನೆಲ ನೋಡಿ ಎಣಿಸಿದ ಹಾಗೆ.

ಇದನ್ನು ತೋರಿಸಿದ್ದು ಹೇಗೆ ಅಂತ ಕೇಳಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಕಿಸಾರಿ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಇಲಿಗಳ ಲಿವರಿನಲ್ಲಿ ಬಿ ವೈರಸ್ಸು ಬೆಳೆಯುವ ಹಾಗೆ ಮಾಡಿದರು. ಆ ಇಲಿಗಳ ಕಾವಲುಪಡೆಗೆ ವೈರಸ್ ಹುಟ್ಟಿನಿಂದಲೇ ಮನೆಯವರಂತೆ. ಹಾಗಾಗಿ ಲಿವರ್ ತುಂಬ ವೈರಸ್ ಇದ್ದರೂ ಇಲಿಗಳಿಗೆ ಕಾಮಾಲೆ ಆಗಲಿಲ್ಲ. ವೈರಸ್ಸಿನ ಗುರುತು ಬಲ್ಲ ಟಿ-ಕೋಶಗಳನ್ನು ಹೊರಗಿನಿಂದ ಹಾಕಿದಾಗ ಮಾತ್ರ ಲಿವರ್ ಕೆಟ್ಟಿತು. ಅದೇ ಕೆಲಸದಲ್ಲಿ, 1996ರಲ್ಲಿ, ಇನ್ನೊಂದು ಸಂಗತಿಯೂ ಗೊತ್ತಾಯಿತು. ಟಿ-ಕೋಶಗಳು ಕೊಲ್ಲುವುದೊಂದನ್ನೇ ಮಾಡುವುದಿಲ್ಲ, ಇಂಟರ್‌ಫೆರಾನ್ ಎಂಬ ರಸವನ್ನೂ ಬಿಡುತ್ತವೆ. ಅದು ತಾಗಿದ ಕೋಶ ಸಾಯದೆಯೇ ತನ್ನೊಳಗಿನ ವೈರಸ್ಸನ್ನು ತೊಳೆದುಕೊಳ್ಳುತ್ತದೆ. ತೋಟಗಾರಿಕೆ ಇಲಾಖೆಯವರು ಕಪ್ಪುತಲೆ ಹುಳುವಿಗೆ ಪರೋಪಜೀವಿ ಬಿಡಿ ಅಂತ ಕೊಡ್ತಾರಲ್ಲ, ಗರಿ ಕಡಿಯದೆ ಹುಳು ಮಾತ್ರ ಸಾಯುವ ಹಾಗೆ, ಆ ಥರ. ಎಲ್ಲ ಕೋಶಗಳನ್ನೂ ಕೊಂದೇ ವೈರಸ್ ಓಡಿಸಬೇಕಾಗಿದ್ದರೆ ಕಾಮಾಲೆ ಬಂದ ಯಾರೂ ಬದುಕುತ್ತಿರಲಿಲ್ಲ. ಚಿಂಪಾಂಜಿಗಳ ಮೇಲೆ 1999ರಲ್ಲಿ ಮಾಡಿದ ಅಧ್ಯಯನದಲ್ಲೂ, ಲಿವರಿಗೆ ದೊಡ್ಡ ಪೆಟ್ಟು ಬೀಳುವ ಮೊದಲೇ ಬಹುಪಾಲು ವೈರಸ್ ಹೋಗಿಯಾಗಿತ್ತು.

ಇದೆಲ್ಲ ನಮಗೆ ಯಾಕೆ ಅಂತೀರಾ? ಇದರಿಂದಲೇ ನಮ್ಮ ಮನೆಯ ಎಷ್ಟೋ ಗೊಂದಲ ಬಿಡಿಸುತ್ತೆ.

ಯುಗಾದಿಯ ಹೊತ್ತಿಗೆ ಎಲ್ಲೋ ಮದುವೆಮನೆಯಲ್ಲಿ ಕೆಟ್ಟ ನೀರು ಕುಡಿದಿರುತ್ತೀರಿ. ಕಾಮಾಲೆ ಕಾಣುವುದು ಬಸವ ಜಯಂತಿ ಕಳೆದ ಮೇಲೆ. ಎ ಜಾತಿಗೆ ಎರಡರಿಂದ ಆರು ವಾರ ಬೇಕು, ಇ ಜಾತಿಗೆ ಎರಡರಿಂದ ಹತ್ತು ವಾರ, ಬಿ ಜಾತಿಗೆ ಒಂದರಿಂದ ಆರು ತಿಂಗಳು. ಅಷ್ಟು ದಿನ ವೈರಸ್ ಒಳಗೆ ಸದ್ದಿಲ್ಲದೆ ಬೆಳೆದಿರುತ್ತೆ, ಕಾವಲುಪಡೆ ಕಣ್ಣು ಬಿಟ್ಟಿರುವುದಿಲ್ಲ. ಕಣ್ಣು ಹಳದಿಯಾದ ದಿನ ಕಾಯಿಲೆ ಶುರುವಾದ ದಿನವಲ್ಲ, ಯುದ್ಧ ಜೋರಾದ ದಿನ. ಎ ಜಾತಿಯಲ್ಲಂತೂ ಮಲದಲ್ಲಿ ವೈರಸ್ ಅತಿ ಹೆಚ್ಚು ಇರುವುದು ಹಳದಿ ಕಾಣುವುದಕ್ಕೆ ಒಂದೆರಡು ವಾರ ಮೊದಲು. ಕಾಮಾಲೆ ಬಂದ ಮೇಲೆ ತಟ್ಟೆ ಲೋಟ ಬೇರೆ ಇಡುವ ಅತ್ತೆಮ್ಮನವರಿಗೆ ನಾನು ಹೇಳುವುದು ಇಷ್ಟೆ: ಅಮ್ಮಾ, ಅಂಟುವುದು ಅಂಟಿ ಆಗಿರುತ್ತೆ. ಸೋಪು ಹಾಕಿ ಕೈ ತೊಳೆಯುವುದು ವರ್ಷವೆಲ್ಲ ಇರಬೇಕು, ಕಾಯಿಲೆ ಕಂಡ ಮೇಲಲ್ಲ.

ನಾಟಿ ಔಷಧದ ಮಾತಿಗೆ ಬರ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಕಾಮಾಲೆಗೆ ಬರೆ ಹಾಕಿಸುವವರಿದ್ದಾರೆ. ಸುಣ್ಣದ ನೀರಲ್ಲಿ ಕೈ ತೊಳೆಸಿ, ನೀರು ಹಳದಿಯಾಯಿತು ನೋಡಿ, ಕಾಮಾಲೆ ಇಳಿಯಿತು ಅನ್ನುವವರಿದ್ದಾರೆ. ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡುವವರಿದ್ದಾರೆ. ಮೂರು ವಾರದಲ್ಲಿ ವಾಸಿಯೂ ಆಗುತ್ತೆ. ಯಾಕೆ ಆಗುತ್ತೆ ಅಂದರೆ, ಕಣ್ಣು ಹಳದಿಯಾಗುವ ಹೊತ್ತಿಗೆ ನಿಮ್ಮ ಬಿಳಿಕಣಗಳು ಮುಕ್ಕಾಲು ಯುದ್ಧ ಗೆದ್ದಿರುತ್ತವೆ. ಮೆಚ್ಚುಗೆ ಮಾತ್ರ ಬರೆ ಹಾಕಿದವನಿಗೆ, ಕಾಸೂ ಅವನಿಗೆ. ನೆಲನೆಲ್ಲಿಯನ್ನು ವಿಜ್ಞಾನಿಗಳು ತಳ್ಳಿಹಾಕಿಲ್ಲ. ಬಿ ವೈರಸ್ಸಿನ ಮೇಲೆ ಅದು ಕೆಲಸ ಮಾಡುತ್ತೆ ಅಂತ 1988ರಲ್ಲಿ ಚೆನ್ನೈನಿಂದ ಒಂದು ವರದಿ ಬಂದು ಪ್ರಪಂಚದಲ್ಲೆಲ್ಲ ಹೆಸರಾಯಿತು, ಆಮೇಲೆ ಬೇರೆ ಕಡೆ ಪರೀಕ್ಷೆ ಮಾಡಿದಾಗ ಅದೇ ಫಲ ಸಿಗಲಿಲ್ಲ. ನನ್ನ ತಕರಾರು ಗಿಡದ ಮೇಲಲ್ಲ. ಪುಡಿಯಲ್ಲಿ ಇನ್ನೇನು ಬೆರೆಸಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ, ಪೆಟ್ಟು ತಿಂದ ಲಿವರ್ ಅದನ್ನೂ ಅರಗಿಸಬೇಕು. ಬರೆಯ ಗಾಯ ಕೀವಾಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಆಸ್ಪತ್ರೆಗೆ ಓಡಬೇಕಾದ ರೋಗಿಯ ಎರಡು ದಿನ ಅಲ್ಲಿ ಕಳೆದುಹೋಗುತ್ತೆ.

ಪಥ್ಯದ ಬಗ್ಗೆಯೂ ಒಂದು ಮಾತು. ಅರಿಶಿನ ಹಳದಿ, ಅದಕ್ಕೇ ಬೇಡ ಅಂತ ಬಿಡಿಸ್ತಾರೆ. ಒಗ್ಗರಣೆ ಬೇಡ, ಉಪ್ಪು ಬೇಡ, ಬರೀ ಗಂಜಿ, ಬರೀ ಗ್ಲೂಕೋಸು. ಸಾಯುತ್ತಿರುವ ಕೋಶಗಳ ಜಾಗಕ್ಕೆ ಹೊಸ ಕೋಶ ಹುಟ್ಟಬೇಕಾದ ಹೊತ್ತಿನಲ್ಲಿ ರೋಗಿಯನ್ನು ಉಪವಾಸ ಕೆಡವಿದರೆ ಹೇಗೆ? ವಾಂತಿ ಬರುವಾಗ ಜಿಡ್ಡು ಸೇರುವುದಿಲ್ಲ, ಆಗ ಕಡಿಮೆ ಮಾಡಿ. ಹಸಿವಾದಾಗ ಮುದ್ದೆ, ಬೇಳೆ ಸಾರು, ಮಜ್ಜಿಗೆ, ಬಾಳೆಹಣ್ಣು, ಮೊಟ್ಟೆ, ಸೇರಿದಷ್ಟು ಕೊಡಿ. ಕಡ್ಡಾಯವಾಗಿ ಬಿಡಬೇಕಾದದ್ದು ಸಾರಾಯಿ. ಜ್ವರ, ಮೈಕೈ ನೋವು ಅಂತ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳನ್ನೂ ಬಿಡಿ. ಪ್ಯಾರಸಿಟಮಾಲ್ ಕೂಡ ಮಿತಿ ಮೀರಿದರೆ ಲಿವರಿಗೆ ವಿಷ, ಡಾಕ್ಟರು ಹೇಳಿದಷ್ಟೇ ತಗೋಬೇಕು.

ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಜನ ಹೀಗೆ ವಾಸಿಯಾಗ್ತಾರೆ. ಕೆಲವರಲ್ಲಿ ಮಾತ್ರ ಯುದ್ಧ ಕೈಮೀರುತ್ತದೆ. ಹುಳು ಬಿದ್ದ ಗರಿ ಕಡಿಯುತ್ತಾ ಕಡಿಯುತ್ತಾ ಮರದ ಸುಳಿಯೇ ಹೋದ ಹಾಗೆ. ಇಲ್ಲಿ ಒಂದು ಮೋಸ ಇದೆ, ಗಮನ ಕೊಟ್ಟು ಕೇಳಿ. ಚೀಟಿಯಲ್ಲಿ ಎಸ್‌ಜಿಪಿಟಿ ಎರಡು ಸಾವಿರದಿಂದ ಮುನ್ನೂರಕ್ಕೆ ಇಳಿದಿದೆ ಅಂತ ಮನೆಯವರು ಖುಷಿಪಡ್ತಾರೆ. ಗರಿ ಬೀಳುವುದು ನಿಂತಿದೆ ಅಂದರೆ ಹುಳು ಹೋಗಿರಬಹುದು, ಬೀಳುವುದಕ್ಕೆ ಗರಿಯೇ ಉಳಿದಿಲ್ಲದೆಯೂ ಇರಬಹುದು. ಅದಕ್ಕೇ ಡಾಕ್ಟರು ಅದೊಂದನ್ನೇ ನೋಡುವುದಿಲ್ಲ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಪಿ.ಟಿ. ಎಂಬ ಪರೀಕ್ಷೆಯನ್ನೂ ಮಾಡಿಸ್ತಾರೆ. ಆ ಪರೀಕ್ಷೆ ಲಿವರ್ ಇನ್ನೂ ಕೆಲಸ ಮಾಡ್ತಿದೆಯಾ ಅಂತ ಹೇಳುತ್ತೆ. ಮನೆಯಲ್ಲಿ ನೀವು ನೋಡಬೇಕಾದ್ದು: ಹಗಲೆಲ್ಲ ಮಂಪರು ರಾತ್ರಿಯೆಲ್ಲ ಎಚ್ಚರ, ಅಸಂಬದ್ಧ ಮಾತು, ಮನೆಯವರ ಗುರುತು ತಪ್ಪುವುದು, ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ನಿಲ್ಲದ ವಾಂತಿ, ಹೊಟ್ಟೆ ಊದುವುದು. ಮಂಪರನ್ನು ಗಾಳಿ ಸೋಕಿದೆ ಅಂತ ತಿಳಿದು ತಾಯತಕ್ಕೆ ಹೋಗಬೇಡಿ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನು ಮಾಡಿ.

ಬಸುರಿ ಹೆಂಗಸರ ವಿಷಯ ಬೇರೆಯೇ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನೆಯ ಪ್ರವಾಹ ಇಳಿದಾಗ ಚರಂಡಿಯ ನೀರು ಕುಡಿಯುವ ನೀರು ಎತ್ತುವ ಜಾಗಕ್ಕೇ ನುಗ್ಗಿತು. ಕ್ಲೋರಿನ್ ಹೆಚ್ಚು ಹಾಕಿದರು. ಅದರಿಂದ ವಾಂತಿಭೇದಿ ರೋಗಗಳು ತಪ್ಪಿದವು, ಆದರೆ ಈ ವೈರಸ್ ಸಾಯಲಿಲ್ಲ. 1956ರ ಜನವರಿ ಹೊತ್ತಿಗೆ ಸುಮಾರು 29 ಸಾವಿರ ಜನಕ್ಕೆ ಕಾಮಾಲೆಯಾಗಿತ್ತು. 1978ರಲ್ಲಿ ಕಾಶ್ಮೀರದಲ್ಲೂ ಹೀಗೇ ಆಯಿತು. ಡಾ. ಮೊಹಮ್ಮದ್ ಸುಲ್ತಾನ್ ಖುರೂ ಅಲ್ಲಿ ಹಳ್ಳಿ ಹಳ್ಳಿ ತಿರುಗಿ, ಇದು ಎ ಅಲ್ಲ ಬಿ ಅಲ್ಲ, ಬೇರೆಯೇ ವೈರಸ್ ಇರಬೇಕು ಅಂದರು. 1983ರಲ್ಲಿ ರಷ್ಯಾದ ವಿಜ್ಞಾನಿ ಬಲಯಾನ್ ರೋಗಿಗಳ ಮಲದ ಸೋಸಿದ ನೀರನ್ನು ತಾನೇ ಕುಡಿದು, ಕಾಮಾಲೆ ಬರಿಸಿಕೊಂಡು, ಆ ವೈರಸ್ಸನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅದೇ ಇವತ್ತಿನ ಹೆಪಟೈಟಿಸ್ ಇ. ಎಲ್ಲ ಕಡೆಯೂ ಕಂಡದ್ದು ಒಂದೇ: ಗಂಡಸರಿಗೆ ಬಂದು ವಾಸಿಯಾಗುವ ಇದೇ ಕಾಯಿಲೆ ಬಸುರಿಯರನ್ನು ಬಲಿ ತೆಗೆದುಕೊಳ್ಳುತ್ತದೆ. ಕೊನೆಯ ಮೂರು ತಿಂಗಳಿನಲ್ಲಿ ಇದು ಬಂದರೆ ನೂರರಲ್ಲಿ 20ರಿಂದ 25 ಮಂದಿಯವರೆಗೆ ಸಾಯಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿನಲ್ಲಿ ತಾಯಿಯ ಕಾವಲುಪಡೆ ಹೊಟ್ಟೆಯ ಮಗುವನ್ನು ಪರಕೀಯ ಅಂತ ಹೊಡೆಯದ ಹಾಗೆ ತನ್ನ ರೀತಿಯನ್ನೇ ಬದಲಿಸಿಕೊಂಡಿರುತ್ತದೆ, ಹಾರ್ಮೋನುಗಳೂ ಬದಲಾಗಿರುತ್ತವೆ. ಇವೆರಡೂ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಎಣಿಸುತ್ತಾರೆ.

ಹಾಗಾಗಿ ಬಾಣಂತನಕ್ಕೆ ತವರಿಗೆ ಬಂದ ಮಗಳ ಮೂತ್ರ ಕೆಂಪಾಗಿದೆ, ಊಟ ಸೇರ್ತಿಲ್ಲ ಅಂದರೆ, ಉಷ್ಣ ಅಂತ ಎಳನೀರು ಕೊಟ್ಟು ಸುಮ್ಮನಾಗಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಬಸುರಿ ಇದ್ದರೆ ಅವಳು ಕುಡಿಯುವ ನೀರನ್ನು ಕುದಿಸಲೇಬೇಕು. ಬೆಚ್ಚಗೆ ಮಾಡುವುದಲ್ಲ, ಕೊತಕೊತ ಕುದಿದ ಮೇಲೂ ಒಂದು ನಿಮಿಷ ಒಲೆಯ ಮೇಲಿರಬೇಕು. ಮಾರ್ಕೋನಹಳ್ಳಿ ನಾಲೆಯ ಸೀಮೆಯವರಾದ ನಮಗೆ ನೀರಿನ ಬರಕ್ಕಿಂತ ನೀರಿನ ಕೊಳಕು ದೊಡ್ಡದು ಅಂತ ನನಗೆ ಅನ್ನಿಸುತ್ತೆ. ನೀರು ಸಣ್ಣಗೆ ಬರುತ್ತೆ ಅಂತ ನಲ್ಲಿ ಬುಡದಲ್ಲಿ ಗುಂಡಿ ತೋಡ್ತೀವಿ, ಪೈಪು ಚರಂಡಿಯೊಳಗೇ ಹಾದುಹೋಗಿರುತ್ತೆ. ನೀರು ನಿಂತ ಕೂಡಲೇ ಒಡೆದ ಪೈಪು ಗುಂಡಿಯ ಕೊಚ್ಚೆಯನ್ನು ಒಳಗೆ ಎಳೆದುಕೊಳ್ಳುತ್ತೆ. ಒಂದೇ ಬೀದಿಯಲ್ಲಿ ಇಬ್ಬರು ಮೂವರಿಗೆ ಕಾಮಾಲೆ ಅಂದರೆ ಅದು ಹಣೆಬರಹವಲ್ಲ, ಪೈಪು. ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ, ಪಂಚಾಯಿತಿಗೆ ಕೊಡಿ. ಒಬ್ಬಳು ಹೋದರೆ ನಾಳೆ ಬಾ ಅಂತಾರೆ, ಇಪ್ಪತ್ತು ಜನ ಹೋದರೆ ಕುರ್ಚಿ ಹಾಕ್ತಾರೆ.

ಇನ್ನು ಮಗುವಿನ ವಿಷಯ. ಕಾಮಾಲೆ ಬಂದರೆ ಕೆಟ್ಟದ್ದು, ಬರದಿದ್ದರೆ ಒಳ್ಳೆಯದು ಅಂತ ತಾನೇ ನಾವು ತಿಳಿಯುವುದು? ಬಿ ವೈರಸ್ಸಿನಲ್ಲಿ ಇದು ತಲೆಕೆಳಗು. ದೊಡ್ಡವರಿಗೆ ಬಿ ಬಂದರೆ ಕಾವಲುಪಡೆ ಎದ್ದು ಹೊಡೆದಾಡುತ್ತೆ, ಕಾಮಾಲೆ ಆಗುತ್ತೆ, ನೂರರಲ್ಲಿ 95 ಮಂದಿಯಲ್ಲಿ ವೈರಸ್ ತೊಲಗುತ್ತೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಿಂದ ಮಗುವಿಗೆ ಅಂಟಿದರೆ, ಆ ಎಳೆ ಕಾವಲುಪಡೆಗೆ ಕಳ್ಳ ಯಾರು ಮನೆಯವರು ಯಾರು ತಿಳಿಯುವುದಿಲ್ಲ. ಜಗಳವೇ ಇಲ್ಲ, ಕಾಮಾಲೆಯೂ ಇಲ್ಲ. ಮಗು ದುಂಡಗೆ ಬೆಳೆಯುತ್ತೆ. ಇಂಥ ನೂರು ಮಕ್ಕಳಲ್ಲಿ 90ರ ಒಳಗೆ ವೈರಸ್ ಜೀವಮಾನವಿಡೀ ಉಳಿಯುತ್ತದೆ. ಮುಂದೆ ಮೂವತ್ತೋ ನಲವತ್ತೋ ವರ್ಷಕ್ಕೆ, ದುಡಿಯುವ ವಯಸ್ಸಿನಲ್ಲಿ, ಕಾವಲುಪಡೆ ಆಗಾಗ ಎದ್ದು ಕಡಿದು ಕಡಿದು ಲಿವರ್ ಗಂಟುಗಟ್ಟುತ್ತೆ, ಕೆಲವರಿಗೆ ಕ್ಯಾನ್ಸರ್ ಆಗುತ್ತೆ. ಕುಡಿಯದವನಿಗೆ ಲಿವರ್ ಹೇಗೆ ಹೋಯಿತು ಅಂತ ಊರೆಲ್ಲ ಆಶ್ಚರ್ಯಪಡುತ್ತೆ. 2022ರ ಲೆಕ್ಕದಲ್ಲಿ ಭಾರತದಲ್ಲಿ ಹೀಗೆ ಬಿ ವೈರಸ್ ಇಟ್ಟುಕೊಂಡವರು ಸುಮಾರು 2 ಕೋಟಿ 98 ಲಕ್ಷ.

ಇದನ್ನು ತಪ್ಪಿಸುವುದಕ್ಕೆ ಒಂದು ಚುಚ್ಚುಮದ್ದು ಇದೆ, ಹುಟ್ಟಿದ 24 ಗಂಟೆಯೊಳಗೆ. ಲಸಿಕೆ ಹಾಕಿದರೆ ಮಗುವಿನ ದೇಹ ಬೇಗನೆ ಪ್ರತಿಕಾಯ ತಯಾರಿಸುತ್ತೆ, ವೈರಸ್ ಲಿವರಿನಲ್ಲಿ ಬೇರೂರುವ ಮೊದಲೇ ಅದನ್ನು ಹಿಡಿಯುತ್ತೆ. ಕರ್ನಾಟಕದ ಸರ್ಕಾರಿ ಲಸಿಕೆ ಕಾರ್ಯಕ್ರಮಕ್ಕೆ ಹೆಪಟೈಟಿಸ್ ಬಿ ಲಸಿಕೆ ಸೇರಿದ್ದು 2007-08ರಲ್ಲಿ. ಅದಕ್ಕಿಂತ ಮೊದಲು ಹುಟ್ಟಿದ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಜನಕ್ಕೆ ಇದು ಬಿದ್ದಿಲ್ಲ. ಈಗ ತಾಯಂದಿರಾಗುತ್ತಿರುವವರು ಅವರೇ! ಬಸುರಿನ ಪರೀಕ್ಷೆಯ ಜೊತೆಗೆ ಬಿ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಇದೆ ಅಂತ ಬಂದರೆ ಎದೆ ಒಡೆದುಕೊಳ್ಳಬೇಡಿ. ತಾಯಿಗೆ ಮಾತ್ರೆ ಇದೆ, ಮಗುವಿಗೆ ಲಸಿಕೆಯ ಜೊತೆಗೆ ಇನ್ನೊಂದು ಇಂಜೆಕ್ಷನ್ ಇದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಕುಣಿಗಲ್ ಆಸ್ಪತ್ರೆಯಲ್ಲಿ ಅಥವಾ ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹಾಲು ಕುಡಿಸಬಹುದು. ಒಟ್ಟಿಗೆ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ, ಒಂದೇ ಲೋಟದಿಂದ ಬಿ ಅಂಟುವುದಿಲ್ಲ. ಸೊಸೆಗೆ ಬಿ ಇದೆ ಅಂತ ತವರಿಗೆ ಅಟ್ಟುವವರು ಮೊದಲು ಮಗನ ರಕ್ತ ಪರೀಕ್ಷೆ ಮಾಡಿಸಲಿ.

ಅಂಟುವುದು ಸೂಜಿಯಿಂದ, ಬ್ಲೇಡಿನಿಂದ. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿ ಬಿ ಹರಡಿ ಹತ್ತಾರು ಜನ ಸತ್ತರು. ಜಾತ್ರೆಯಲ್ಲಿ ಹಚ್ಚೆ ಹಾಕಿಸುವಾಗ, ಕಿವಿ ಚುಚ್ಚಿಸುವಾಗ, ಡಾಕ್ಟರ ಬಳಿ ಇಂಜೆಕ್ಷನ್ ತಗೊಳ್ಳುವಾಗ, ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಲಿ. ಕೇಳಲು ಸಂಕೋಚವೇ ಬೇಡ.

ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿರುವ ಅಜ್ಜಿ ಒಬ್ಬರು ಆಗಲೇ ಕೇಳಿದರು, ಇಷ್ಟೆಲ್ಲ ಕೋಶ ಸತ್ತ ಮೇಲೆ ಲಿವರ್ ಮೊದಲಿನ ಹಾಗೆ ಆಗುತ್ತೇನಮ್ಮಾ ಅಂತ. ಆಗುತ್ತೆ ಅಜ್ಜಿ. ಲಿವರಿಗೆ ಮತ್ತೆ ಬೆಳೆಯುವ ಗುಣ ಇದೆ. ಎ, ಇ ಬಂದು ಹೋದವರಿಗೆ ಸಾಮಾನ್ಯವಾಗಿ ಕಲೆಯೂ ಉಳಿಯುವುದಿಲ್ಲ. ಸುಸ್ತು ಮಾತ್ರ ಒಂದೆರಡು ತಿಂಗಳು ಇರಬಹುದು, ಅಷ್ಟು ದಿನ ಸೊಸೆಯಿಂದ ಸೌದೆ ಹೊರಿಸಬೇಡಿ. ಬಿ ಬಂದಿದ್ದರೆ ಹಳದಿ ಇಳಿದ ಮೇಲೂ ಕೆಲಸ ಮುಗಿದಿಲ್ಲ. ಆರು ತಿಂಗಳಿಗೆ ಇನ್ನೊಮ್ಮೆ ರಕ್ತ ಕೊಟ್ಟು, ವೈರಸ್ ಹೋಗಿದೆಯಾ ಉಳಿದಿದೆಯಾ ನೋಡಬೇಕು. ಆ ಚೀಟಿಯನ್ನು ಎಸೆಯದೆ ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ, ಮುಂದಿನ ಹೆರಿಗೆಗೆ ಅದನ್ನು ಕೇಳ್ತಾರೆ.